ಹೀರೆಕಾಯಿ ಒಳಗಿನ ಬಿಳಿ ಹುಳ: ಇದು ನೊಣದ ಮರಿಯಾ, ಚಿಟ್ಟೆಯ ಕೀಡೆಯಾ?

ಹೀರೆಬಳ್ಳಿ, ಸವಣೂರು ತಾಲೂಕು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ. ಕಂಡಿದ್ದನ್ನೆಲ್ಲ ಬಿಡದೆ ಹೇಳಿದರೆ ಗುರುತಿಸುವವರಿಗೂ ಸುಲಭ ಅಲ್ವಾ.

ನಮ್ಮದು ಮಸಾರಿ ಹೊಲ. 30 ಗುಂಟೆಯಲ್ಲಿ ಹೀರೆ ಇದೆ, ಪಕ್ಕದಲ್ಲೇ 10 ಗುಂಟೆ ಹಾಗಲ. ಸುತ್ತಲೂ ಎಲ್ಲರದ್ದೂ ಗೋವಿನಜೋಳ. ರೋಹಿಣಿ ಮಳೆಗೆ ಬೀಜ ಊರಿದೆವು. ಬಳ್ಳಿ ಚಪ್ಪರ ತುಂಬ ಹಬ್ಬಿತು. ಪುನರ್ವಸು ಹಿಡಿದ ಹೊತ್ತಿಗೆ ಮೊದಲ ಕೊಯ್ಲು. ಮೊದಲೆರಡು ಕೊಯ್ಲಿನ ಕಾಯಿ ನೋಡಿ ನಮ್ಮ ಅತ್ತೆ ದೃಷ್ಟಿ ತೆಗೆದರು, ಅಷ್ಟು ಚೆನ್ನಾಗಿತ್ತು.

ಮೂರನೇ ಕೊಯ್ಲಿನಿಂದ ಶುರುವಾಯಿತು. ಎಳೆ ಕಾಯಿಯ ಮೇಲೆ ಸೂಜಿ ಚುಚ್ಚಿದಷ್ಟು ಸಣ್ಣ ಗುರುತು. ಅಲ್ಲಿಂದ ಅಂಟು ಒಸರಿ ಜೇನಿನ ಬಣ್ಣದ ಹನಿಯಾಗಿ ಗಟ್ಟಿಯಾಗಿರುತ್ತದೆ. ಎರಡು ಮೂರು ದಿನಕ್ಕೆ ಕಾಯಿ ಅದೇ ಜಾಗದಲ್ಲಿ ಕುಡುಗೋಲಿನ ಹಾಗೆ ಬಾಗುತ್ತದೆ. ಸೀಳಿದರೆ ಒಳಗೆ ನೀರುನೀರು, ಹಳಸಿದ ವಾಸನೆ, ಬಿಳಿ ಹುಳದ ಗುಂಪು. ಆರನೇ ಇಯತ್ತೆ ಓದುವ ನನ್ನ ಮಗಳು ಒಂದೇ ಕಾಯಲ್ಲಿ 43 ಎಣಿಸಿದಳು.

ಪೇಟೆಯ ಔಷಧದ ಅಂಗಡಿಗೆ ಹೋಗಿ ಹೇಳಿದೆವು. ಹುಳ ತೋರಿಸಲು ಡಬ್ಬಿಯಲ್ಲಿ ಕಾಯಿ ಒಯ್ದಿದ್ದೆ. ಅವರು ಮುಚ್ಚಳ ಕೂಡ ತೆಗೆಯಲಿಲ್ಲ. "ಕಾಯಿಕೊರಕ, ಇದು ಹೊಡೀರಿ" ಅಂತ ಒಂದು ಬಾಟಲಿ ಕೊಟ್ಟರು. ನಾಲ್ಕು ದಿನದ ಅಂತರದಲ್ಲಿ ಎರಡು ಸಲ ಹೊಡೆದೆವು. ಹುಳ ಇದ್ದ ಹಾಗೇ ಇದೆ. ಹೀರೆ ಅಂದರೆ ದಿನ ಬಿಟ್ಟು ದಿನ ಕೊಯ್ಯುವ ಕಾಯಿ. ಔಷಧ ಬಿದ್ದ ಮರುದಿನವೇ ಕೊಯ್ದು ಮಂದಿಗೆ ತಿನ್ನಲು ಕೊಡಬೇಕಾ ಅಂತ ನನಗೆ ಸಂಕಟವಾಗಿ, ಆ ಎರಡು ಕೊಯ್ಲನ್ನು ಮಾರಲೇ ಇಲ್ಲ. ಅದರ ಮುಂದಿನ ಕೊಯ್ಲನ್ನು ಹುಬ್ಬಳ್ಳಿಗೆ ಕಳಿಸಿದಾಗ, ಅಲ್ಲಿ ಒಬ್ಬರು ಬುಟ್ಟಿಯ ಮೇಲಿನ ಕಾಯಿ ಮುರಿದು ನೋಡಿದರಂತೆ. ಹುಳ ಟಣ್ಣನೆ ಹಾರಿ ಅವರ ಲೆಕ್ಕದ ಪುಸ್ತಕದ ಮೇಲೆ ಬಿತ್ತಂತೆ. ಅರ್ಧ ರೇಟಿಗೆ ಕೊಟ್ಟು ಬಂದರು ನಮ್ಮನೆಯವರು.

ಇನ್ನೊಂದು ಮಾತು. ಬದುವಿನ ಮೇಲೆ ನಮ್ಮ ಮಾವಿನ ಗಿಡಗಳಿವೆ. ಅದಕ್ಕೆ ತಂದಿದ್ದ ನೊಣದ ಬಲೆ ಒಂದು ಉಳಿದಿತ್ತು, ಅದನ್ನೇ ಚಪ್ಪರಕ್ಕೆ ಕಟ್ಟಿದೆ. ಎರಡು ದಿನಕ್ಕೆ ಬೊಗಸೆ ತುಂಬ ನೊಣ ಬಿತ್ತು. ಖುಷಿಪಟ್ಟೆ. ಆದರೆ ಕಾಯಲ್ಲಿ ಹುಳ ಒಂದಿಷ್ಟೂ ಕಡಿಮೆಯಾಗಲಿಲ್ಲ. ಅತ್ತೆ ಇದನ್ನು "ಊಜಿ" ಅನ್ನುತ್ತಾರೆ. ಪಕ್ಕದ ಹೊಲದಲ್ಲಿ ರೇಷ್ಮೆ ಸಾಕುವವರಿದ್ದಾರೆ, ಕೊಳೆತ ಕಾಯಿ ನಮ್ಮ ಶೆಡ್ ಕಡೆ ತರಬೇಡಿ ಅಂದರು.

ಇದು ಯಾವ ಹುಳ? ಗುರುತಿಸುವುದು ಹೇಗೆ? ಔಷಧ ಯಾಕೆ ನಾಟುತ್ತಿಲ್ಲ? ತಿಳಿದವರು ದಯವಿಟ್ಟು ಹೇಳಿ.

ಕರಿಮಣ್ಣು, ಗದಗ

ಅಕ್ಕಾ, ಹೋದ ವರ್ಷ ನನ್ನ ಸವತೆಕಾಯಿಗೂ ಹೀಗೇ ಆಗಿತ್ತು. ನಿಮ್ಮ ಕಷ್ಟ ಅರ್ಥವಾಗುತ್ತದೆ. ಮೊದಲು ಒಂದು ಕೆಲಸ ಮಾಡಿ. ಹುಳವನ್ನು ನೀರಲ್ಲಿ ತೊಳೆದು ಕಪ್ಪು ಬಣ್ಣದ್ದರ ಮೇಲೆ ಇಟ್ಟು ನೋಡಿ. ಕಾಲು ಇದೆಯಾ? ತಲೆ ಅಂತ ಬೇರೆ ಕಾಣುತ್ತದಾ? ಯಾವ ತುದಿ ಚೂಪು, ಯಾವ ತುದಿ ಮೊಂಡು? ಎಲ್ಲವೂ ಹಾರುತ್ತವೆಯೋ, ಕೆಲವು ಮಾತ್ರವೋ? ಇಷ್ಟು ಗೊತ್ತಾದರೆ ಮುಕ್ಕಾಲು ಉತ್ತರ ಸಿಕ್ಕ ಹಾಗೆ. ಅಲ್ಲಿಯವರೆಗೆ ಮತ್ತೆ ಔಷಧ ಹೊಡೆಯಬೇಡಿ.

ಹುಳದ ಹಿಂದೆ, ಧಾರವಾಡ

ಮೇಲಿನವರು ಸರಿಯಾದ ಪ್ರಶ್ನೆಗಳನ್ನೇ ಕೇಳಿದ್ದಾರೆ. ನಾನು ಇಲ್ಲಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಮಾಡುವಾಗ ಎರಡು ಮಳೆಗಾಲ ಈ ಹುಳಗಳನ್ನೇ ಡಬ್ಬಿಯಲ್ಲಿ ಸಾಕಿದ್ದೇನೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೀವು ಬರೆದ ಅಂಟಿನ ಹನಿ, ಕುಡುಗೋಲಿನ ಹಾಗೆ ಬಾಗಿದ ಕಾಯಿ, ಹಾರುವ ಹುಳ, ಈ ಮೂರೂ ಸೇರಿದರೆ ಬಳ್ಳಿ ತರಕಾರಿಯ ಹಣ್ಣಿನ ನೊಣದ ಮೇಲೇ ನನ್ನ ಗುಮಾನಿ. ವಿಜ್ಞಾನದ ಹೆಸರು ಜ್ಯೂಗೋಡೇಕಸ್ ಕುಕರ್ಬಿಟೇ. ಹಳೆಯ ಪುಸ್ತಕಗಳಲ್ಲಿ ಡೇಕಸ್ ಅಂತಲೋ ಬ್ಯಾಕ್ಟ್ರೋಸೆರಾ ಅಂತಲೋ ಇರುತ್ತದೆ, ಎಲ್ಲವೂ ಇದೇ ನೊಣ. ಇದಕ್ಕೆ ಮೊದಲು ಹೆಸರಿಟ್ಟದ್ದು 1899ರಲ್ಲಿ, ಹವಾಯಿ ದ್ವೀಪದಲ್ಲಿ ಸಿಕ್ಕ ನೊಣ ನೋಡಿ. ಆದರೆ ಅದರ ಮೂಲ ನಮ್ಮ ಈ ಕಡೆಯದೇ.

ಆದರೂ ಗುಮಾನಿ ಬೇರೆ, ಗುರುತು ಬೇರೆ. ಹುಳವನ್ನು ಹೀಗೆ ನೋಡಿ.

ಮೊದಲು ಕಾಲು. ನೊಣದ ಮರಿಗೆ ಕಾಲೇ ಇರುವುದಿಲ್ಲ, ಒಂದೂ ಇರುವುದಿಲ್ಲ. ಚಿಟ್ಟೆ ಪತಂಗದ ಕೀಡೆಗಾದರೆ ಎದೆಯ ಕೆಳಗೆ ಮೂರು ಜೊತೆ ಕಾಲು, ಹೊಟ್ಟೆಯ ಕೆಳಗೆ ಮೆತ್ತನೆಯ ಮೋಟು ಕಾಲು ಇರುತ್ತವೆ. ತಲೆ ಕೂಡ ಗಟ್ಟಿಯಾಗಿ, ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ನೊಣದ ಮರಿಗೆ ಅಂಥ ತಲೆಯಿಲ್ಲ. ಮುಂದಿನ ತುದಿ ಚೂಪಾಗಿ ಮುಗಿಯುತ್ತದೆ, ಆ ಚೂಪಿನಲ್ಲಿ ಎರಡು ಕಪ್ಪು ಕೊಕ್ಕೆ ಒಳಗೆ ಹೊರಗೆ ಆಡುತ್ತಿರುತ್ತವೆ. ಅದೇ ಅದರ ಬಾಯಿ. ಕಾಯಿಯ ತಿರುಳನ್ನು ಕೆರೆದು ಕೆರೆದು ರಸ ಮಾಡಿ ಹೀರುವುದು ಆ ಕೊಕ್ಕೆಯಿಂದ. ನೀವು ಕಂಡ ನೀರುನೀರು ಕೊಳೆತ ಹಾಗೇ ಆಗುತ್ತದೆ.

ಹಿಂದಿನ ತುದಿ ಮೊಂಡು. ಚಾಕುವಿನಿಂದ ಕತ್ತರಿಸಿದ ಹಾಗಿರುತ್ತದೆ. ತುಂಬ ಜನ ಇದನ್ನೇ ತಲೆ ಅಂದುಕೊಳ್ಳುತ್ತಾರೆ, ಯಾಕೆಂದರೆ ಅಲ್ಲಿ ಕಣ್ಣಿನ ಹಾಗೆ ಎರಡು ಕಂದು ಚುಕ್ಕೆಗಳಿವೆ. ಅವು ಉಸಿರಾಡುವ ರಂಧ್ರಗಳು. ಹುಳ ರಸದಲ್ಲಿ ತಲೆ ಮುಳುಗಿಸಿ ತಿನ್ನುತ್ತಾ, ಬಾಲದ ತುದಿಯಿಂದ ಉಸಿರಾಡುತ್ತದೆ. ಹಾಗಾಗಿ ಸೀಳಿದ ಕಾಯಲ್ಲಿ ಹುಳಗಳ ಮೊಂಡು ತುದಿಗಳೇ ಜಾಸ್ತಿ ಮೇಲೆ ಕಾಣುತ್ತವೆ.

ಬಲಿತ ಹುಳ ಸುಮಾರು ಒಂದು ಸೆಂಟಿಮೀಟರ್ ಇರುತ್ತದೆ. ಅದನ್ನೇ ಪರೀಕ್ಷೆಗೆ ಆರಿಸಿಕೊಳ್ಳಿ, ಎಳೆಯದರಲ್ಲಿ ಗುರುತು ಸಿಗುವುದಿಲ್ಲ. ಒಂದು ಭೂತಗನ್ನಡಿ ಸಿಕ್ಕರೆ ಬಾಲದ ಮೊಂಡು ಮುಖವನ್ನು ನೇರವಾಗಿ ನೋಡಿ. ಎರಡು ಚುಕ್ಕೆಗಳ ಕೆಳಗೆ ಎರಡು ಸಣ್ಣ ಉಬ್ಬುಗಳಿದ್ದು, ಅವನ್ನು ಜೋಡಿಸುವ ಒಂದು ಬಾಗಿದ ಕಪ್ಪು ಗೆರೆ ಕಂಡರೆ, ಬಳ್ಳಿ ತರಕಾರಿ ನೊಣವೇ ಅನ್ನುವ ಗುಮಾನಿ ಇನ್ನೂ ಗಟ್ಟಿಯಾಗುತ್ತದೆ.

ಹಾರುವುದು ಹೇಗೆ ಅಂತ ಕೂತು ನೋಡಿ. ಬಲಿತ ಹುಳ ಮೈಯನ್ನು ಬಳೆಯ ಹಾಗೆ ಬಗ್ಗಿಸಿ, ಬಾಯಿಯ ಕೊಕ್ಕೆಯಿಂದ ತನ್ನ ಬಾಲವನ್ನೇ ಹಿಡಿದು ಎಳೆದು ಪಟ್ಟನೆ ಬಿಡುತ್ತದೆ. ಕಾಯಿಂದ ಹೊರಬಂದ ಮೇಲೆ ಮಣ್ಣು ಸೇರುವ ಆತುರ ಅದಕ್ಕೆ. ಎಳೆಯವು ಹೀಗೆ ಹಾರುವುದಿಲ್ಲ. ಹಾಗಾಗಿ ಹಾರಲಿಲ್ಲ ಅಂದ ಮಾತ್ರಕ್ಕೆ ಬೇರೆ ಹುಳ ಅಂತ ತೀರ್ಮಾನ ಮಾಡಬೇಡಿ.

ಒಂದು ಕಡೆ ಮಾತ್ರ ಎಚ್ಚರ. ಪೂರ್ತಿ ಕೊಳೆತ ಕಾಯಿ ಆರಿಸಿಕೊಳ್ಳಬೇಡಿ. ಅಂಥದ್ದಕ್ಕೆ ಬಾಳೆಹಣ್ಣಿನ ಸುತ್ತ ಸುಳಿಯುವ ಸಣ್ಣ ನೊಣವೂ ಮೊಟ್ಟೆ ಇಟ್ಟಿರುತ್ತದೆ. ಅದರ ಮರಿ ಎಷ್ಟು ಬಲಿತರೂ ಅರ್ಧ ಸೆಂಟಿಮೀಟರ್ ದಾಟುವುದಿಲ್ಲ, ಬಾಲದಲ್ಲಿ ಎರಡು ಸಣ್ಣ ಕೊಳವೆ ಹೊರಗೆ ಚಾಚಿರುತ್ತವೆ. ಅದು ಕೊಳೆತ ಮೇಲೆ ಬಂದದ್ದು, ಕೊಳೆಸಿದ್ದಲ್ಲ.

ಇಷ್ಟು ಮಾಡಿದರೂ ಬರೀ ಮರಿ ನೋಡಿ ಜಾತಿ ಇದೇ ಅಂತ ಖಚಿತವಾಗಿ ಹೇಳುವುದು ನಮಗೂ ಕಷ್ಟವೇ. ನೊಣ ಮಾಡಿಸಿ ನೋಡುವುದೇ ಸರಿಯಾದ ದಾರಿ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ಮೂರು ಬೆರಳಷ್ಟು ಜರಡಿ ಹಿಡಿದ ಮರಳು ಹಾಕಿ, ಹಿಡಿದರೆ ಉಂಡೆ ಆಗಬಾರದು, ತೀರಾ ಒಣಗಿಯೂ ಇರಬಾರದು. ಅದರ ಮೇಲೆ ಹುಳ ಇರುವ ಕಾಯಿ ಇಟ್ಟು, ಹಳೇ ಸೀರೆಯ ತೆಳು ಬಟ್ಟೆ ಕಟ್ಟಿ ನೆರಳಲ್ಲಿಡಿ. ಹುಳ ತಾನೇ ಮರಳಿಗಿಳಿದು ಗೋದಿ ಕಾಳಿನಂಥ ಕಂದು ಕೋಶವಾಗುತ್ತದೆ. ಆಮೇಲೆ ಕಾಯಿ ತೆಗೆದುಬಿಡಿ. ಕೋಶವಾದ ಎಂಟು ಹತ್ತು ದಿನಕ್ಕೆ ನೊಣ ಬರುತ್ತದೆ, ಈ ಚಳಿ ಮಳೆಗೆ ಒಂದೆರಡು ದಿನ ಜಾಸ್ತಿಯೂ ಆಗಬಹುದು. ಹೊರಬಂದ ತಕ್ಷಣ ನೋಡಿದರೆ ಬಣ್ಣ ಮಂಕಾಗಿರುತ್ತದೆ. ಒಂದು ದಿನ ಬಿಟ್ಟು ನೋಡಿ.

ರೇಷ್ಮೆಮನೆ, ಹಾವೇರಿ

ಊಜಿ ಅನ್ನುವ ಮಾತು ಬಂತಲ್ಲ, ಅದಕ್ಕೆ ಹೇಳುತ್ತೇನೆ. ನಾನು ಹನ್ನೆರಡು ವರ್ಷದಿಂದ ರೇಷ್ಮೆ ಸಾಕುತ್ತಿದ್ದೇನೆ. ನಮ್ಮ ಊಜಿ ನೊಣ ಬೇರೆ, ನಿಮ್ಮ ಹೀರೆ ನೊಣ ಬೇರೆ. ಊಜಿ ರೇಷ್ಮೆ ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿ ಒಳಗೆ ಕೊರೆದು ಹೋದ ಕಡೆ ಕಪ್ಪು ಕಲೆಯಾಗುತ್ತದೆ. 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದು ಸೇರಿತು, ಆಗಿನಿಂದ ಕಿಟಕಿಗೆಲ್ಲ ಜಾಲರಿ ಇಲ್ಲದೆ ನಮಗೆ ಸಾಕಾಣಿಕೆಯೇ ಇಲ್ಲ. ಅದು ಬೂದು ಬಣ್ಣದ್ದು, ಮನೆ ನೊಣಕ್ಕಿಂತ ದೊಡ್ಡದು, ಮೈಮೇಲೆ ಕಪ್ಪು ಗೀರು. ಹೀರೆಕಾಯಿಗೆ ಅದು ಬರುವುದಿಲ್ಲ. ನಿಮ್ಮ ನೊಣ ರೇಷ್ಮೆ ಹುಳಕ್ಕೆ ಬರುವುದಿಲ್ಲ. ಎರಡರ ಮರಿಯೂ ಬಿಳಿ, ಎರಡೂ ಮಣ್ಣು ಹುಡುಕುತ್ತವೆ, ಅದಕ್ಕೇ ನಮ್ಮ ಕಡೆ ಎಲ್ಲದಕ್ಕೂ ಊಜಿ ಅನ್ನುತ್ತಾರೆ.

ನಿಮ್ಮ ಪಕ್ಕದವರಿಗೆ ಕೊಳೆತ ಕಾಯಿಯಿಂದ ಭಯವಿಲ್ಲ ಅಂತ ಹೇಳಿ. ಭಯ ಇರುವುದು ನೀವು ಹೊಡೆಯುವ ಔಷಧದಿಂದ. ಗಾಳಿಯಲ್ಲಿ ಅವರ ಹಿಪ್ಪುನೇರಳೆ ಎಲೆಗೆ ಹನಿ ಬಿದ್ದರೂ ಹುಳಗಳು ಹೋಗಿಬಿಡುತ್ತವೆ. ದಯವಿಟ್ಟು ಹೊಡೆಯುವ ಮೊದಲು ಅವರಿಗೆ ಒಂದು ಮಾತು ತಿಳಿಸಿ. ನನಗೆ ಹಾಗೆ ಒಂದು ಬೆಳೆ ಪೂರ್ತಿ ಹೋಗಿದೆ.

ಹೀರೆಬಳ್ಳಿ, ಸವಣೂರು ತಾಲೂಕು

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ಮಧ್ಯಾಹ್ನ ಮಳೆ ಬಿಟ್ಟಿತ್ತು, ಪಡಸಾಲೆಯಲ್ಲಿ ಕೂತು ನೀವು ಹೇಳಿದ ಹಾಗೆ ಮಾಡಿದೆ. ಕಪ್ಪು ಬಣ್ಣಕ್ಕೆ ಮಗಳ ಹಳೇ ಪಾಟಿ ತೆಗೆದುಕೊಂಡೆ. ಭೂತಗನ್ನಡಿ ಎಲ್ಲೂ ಇರಲಿಲ್ಲ. ನಮ್ಮೂರ ಅಕ್ಕಸಾಲಿಗರು ಚಿನ್ನ ನೋಡುವ ಕಣ್ಣಿನ ಗಾಜು ಕೊಟ್ಟರು. ಪಾಪ, ಏನು ನೋಡುತ್ತೀರಿ ಅಂತ ಅವರೂ ಬಂದು ಕೂತರು.

ಕಾಲಿಲ್ಲ. ಚೂಪು ತುದಿಯಲ್ಲಿ ಕಪ್ಪು ಕೊಕ್ಕೆ ಆಡುವುದು ಕಂಡಿತು. ನಾನು ಇಷ್ಟು ದಿನ ಬಾಲವನ್ನೇ ತಲೆ ಅಂದುಕೊಂಡಿದ್ದೆ, ನೀವು ಬರೆದಿದ್ದು ನಿಜ. ಅದರ ಕೆಳಗೆ ಗೆರೆ ಮೊದಲು ಕಾಣಲಿಲ್ಲ. ಬೆಳಕಿಗೆ ತಿರುಗಿಸಿ ಹಿಡಿದ ಮೇಲೆ ಸಣ್ಣ ಕಪ್ಪು ಕಮಾನು ಸ್ಪಷ್ಟವಾಗಿ ಕಂಡಿತು. ದೊಡ್ಡ ಹುಳ ಒಂಬತ್ತು ಇಟ್ಟು ನೋಡಿದೆ, ಎಲ್ಲದರಲ್ಲೂ ಇದೆ. ಅವು ಪಾಟಿಯಿಂದ ಒಂದು ಗೇಣು ದೂರ ಹಾರಿದವು. ಬಳೆಯ ಹಾಗೆ ಬಗ್ಗುವುದನ್ನು ಮಗಳು ಮೊದಲು ಕಂಡಳು.

ಆದರೆ ಎಲ್ಲ ಕಾಯಲ್ಲೂ ಇದೇ ಹುಳ ಇಲ್ಲ. ಹಾಗಲದ ಸಾಲಿನಲ್ಲಿ ಎಲೆಯನ್ನು ನೂಲಿನಿಂದ ಮಡಚಿಕೊಂಡು ಹಸಿರು ಹುಳ ಕೂತಿದೆ. ಬೆನ್ನ ಮೇಲೆ ಉದ್ದಕ್ಕೆ ಎರಡು ಬಿಳಿ ಗೀರು. ಕಾಲಿದೆ. ಕಾಯಿಯ ಮೇಲೂ ಕೆರೆದಿದೆ. ಇನ್ನು ಚಪ್ಪರದಿಂದ ಜಾರಿ ನೆಲಕ್ಕೆ ತಾಗಿದ ಎರಡು ಹೀರೆಕಾಯಿಯ ಅಡಿಯಲ್ಲಿ ತೂತು, ಒಳಗೆ ಕೆನೆ ಬಣ್ಣದ ಹುಳ, ಕಂದು ತಲೆ, ಮುಂದೆ ಮಾತ್ರ ಆರು ಕಾಲು. ಇವೆಲ್ಲ ಏನು?

ಬಲೆಯಲ್ಲಿ ಬಿದ್ದ ನೊಣವನ್ನೂ ಗಾಜಿನಲ್ಲಿ ನೋಡಿದೆ. ಕಪ್ಪು ಬೆನ್ನು, ಎರಡು ಬದಿ ಹಳದಿ ಪಟ್ಟಿ, ರೆಕ್ಕೆ ಗಾಜಿನ ಹಾಗೆ ತಿಳಿ.

ಡಬ್ಬಿ ಕಟ್ಟಿ ಇಟ್ಟಿದ್ದೇನೆ. ನಮ್ಮನೆಯವರದ್ದು ಒಂದು ಪ್ರಶ್ನೆ: ಈ ನೊಣವನ್ನು ಪೂರ್ತಿ ಇಲ್ಲದ ಹಾಗೆ ಮಾಡಲು ಆಗುವುದಿಲ್ಲವಾ?

ಹುಳದ ಹಿಂದೆ, ಧಾರವಾಡ

ಇಷ್ಟು ಶ್ರದ್ಧೆಯಿಂದ ನೋಡಿ ಬರೆದಿದ್ದೀರಿ, ಓದಿ ತುಂಬ ಸಂತೋಷವಾಯಿತು.

ಹಸಿರು ಹುಳ, ಎರಡು ಬಿಳಿ ಗೀರು ಅಂದರೆ ಅದು ಡಯಾಫೇನಿಯಾ ಎಂಬ ಪತಂಗದ ಕೀಡೆ. ಎಲೆ ಮಡಚಿಕೊಂಡು ತಿನ್ನುತ್ತದೆ. ಅಂಗಡಿಯ ಬಾಟಲಿ ಏನಾದರೂ ಕೆಲಸ ಮಾಡಿದ್ದರೆ ಇದರ ಮೇಲೆ ಮಾಡಿರಬಹುದು. ಹತ್ತು ಗುಂಟೆ ತಾನೇ, ಮಡಚಿದ ಎಲೆ ಕಿತ್ತು ಹೊಸಕಿದರೆ ಸಾಕು. ನೆಲ ತಾಗಿದ ಕಾಯಿಯಲ್ಲಿದ್ದದ್ದು ಕೆಂಪು ದುಂಬಿಯ ಮರಿ. ಎಳೆ ಸಸಿಯ ಎಲೆಯನ್ನು ಜರಡಿ ಮಾಡುವ ಕಿತ್ತಳೆ ಬಣ್ಣದ ದುಂಬಿ ನೋಡಿರುತ್ತೀರಿ, ಅದರದ್ದು. ಮಣ್ಣಲ್ಲಿದ್ದು ಬೇರು ತಿನ್ನುತ್ತದೆ, ಕಾಯಿ ನೆಲಕ್ಕೆ ತಾಗಿದರೆ ಅದಕ್ಕೂ ಹೋಗುತ್ತದೆ. ಕಾಯಿ ಎತ್ತಿ ಕಟ್ಟಿ.

ಬಲೆಯ ವಿಷಯಕ್ಕೆ ಬರೋಣ. ಅದರಲ್ಲಿ ಬಿದ್ದದ್ದು ಮಾವಿನ ನೊಣ. ಎರಡೇ ಹಳದಿ ಪಟ್ಟಿ, ತಿಳಿ ರೆಕ್ಕೆ, ಅಲ್ಲಿಗೇ ಗೊತ್ತಾಯಿತು. ಮಾವಿನ ಬಲೆಯಲ್ಲಿರುವುದು ಮೀಥೈಲ್ ಯೂಜಿನಾಲ್ ಎಂಬ ನೊಣ ಸೆಳೆಯುವ ವಾಸನೆ. ಬಳ್ಳಿ ತರಕಾರಿ ನೊಣ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಅದಕ್ಕೆ ಕ್ಯೂ ಲೂರ್ ಎಂಬ ಬೇರೆ ವಾಸನೆ ಬೇಕು. ಕೇಳುವಾಗ ಬರೀ "ನೊಣದ ಬಲೆ" ಅನ್ನಬೇಡಿ, ತರಕಾರಿಯದ್ದು, ಕ್ಯೂ ಲೂರ್ ಅಂತ ಹೆಸರು ಹೇಳಿ ಕೇಳಿ. ನಿಮ್ಮ ಒಂದು ಎಕರೆಗೆ ಎಂಟು ಹತ್ತು ಸಾಕು, ಕಾಯಿ ಇಳಿಬಿಟ್ಟ ಎತ್ತರದಲ್ಲೇ ಕಟ್ಟಿ. ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ಮೊಟ್ಟೆ ಇಡುವ ಹೆಣ್ಣು ಹೊರಗೇ ಇರುತ್ತದೆ. ಬಲೆ ಕಟ್ಟಿ ನಿಶ್ಚಿಂತೆಯಿಂದ ಕೂರುವ ಹಾಗಿಲ್ಲ.

ಔಷಧ ಯಾಕೆ ನಾಟಲಿಲ್ಲ ಅಂತ ಕೇಳಿದ್ದಿರಿ. ಹೆಣ್ಣು ನೊಣ ಬಾಲದ ಸೂಜಿಯಿಂದ ಸಿಪ್ಪೆಯ ಒಳಗೆ ಮೊಟ್ಟೆ ಇಡುತ್ತದೆ. ಒಂದೆರಡು ದಿನಕ್ಕೆ ಮರಿ. ಮರಿ ತಿರುಳಿನ ಮಧ್ಯೆ ಇರುತ್ತದೆ, ಮೇಲಿನ ಸಿಂಪಡಣೆ ಅದನ್ನು ಮುಟ್ಟುವುದಿಲ್ಲ. ಸುಮಾರು ವಾರದಲ್ಲಿ ಬಲಿತು ಮಣ್ಣಿಗೆ ಇಳಿಯುತ್ತದೆ, ಅಲ್ಲಿಗೂ ಔಷಧ ಹೋಗುವುದಿಲ್ಲ. ಇನ್ನು ನೊಣ. ಅದು ಚಪ್ಪರಕ್ಕೆ ಬರುವುದು ಮೊಟ್ಟೆ ಇಡಲು, ಉಳಿದ ಹೊತ್ತು ಸುತ್ತಲ ಎತ್ತರದ ಬೆಳೆಯ ಎಲೆಯಡಿ ಕೂತಿರುತ್ತದೆ. ನಿಮ್ಮ ಕಡೆ ಅಂದರೆ ಗೋವಿನಜೋಳದಲ್ಲಿ. ಅಂದರೆ ನೀವು ಔಷಧ ಹೊಡೆದದ್ದು ಅವು ಇಲ್ಲದ ಜಾಗಕ್ಕೆ.

ಇದನ್ನೇ ನಮ್ಮ ಅನುಕೂಲಕ್ಕೆ ತಿರುಗಿಸಬಹುದು. ಹೆಣ್ಣು ನೊಣಕ್ಕೆ ಮೊಟ್ಟೆ ಬಲಿಯಲು ಊಟ ಬೇಕು. ಬೆಲ್ಲ ಕಲಸಿದ ವಿಷದ ನೀರನ್ನು ಚಪ್ಪರದ ಪಕ್ಕದ ಜೋಳದ ಒಂದೆರಡು ಸಾಲಿಗೆ, ಎಲೆಯ ಕೆಳಗೆ, ದಪ್ಪ ಹನಿಯಾಗಿ ಅಲ್ಲಲ್ಲಿ ಹಾಕಬೇಕು. ಬಳ್ಳಿಯ ಮೇಲೆ ಬೇಡ. ಸಾಮಾನ್ಯವಾಗಿ ಸಂಜೆ ಸಿಂಪಡಿಸಿ ಅಂತ ಹೇಳುತ್ತಾರೆ, ಜೇನು ಉಳಿಯಲಿ ಅಂತ. ಆದರೆ ಹೀರೆ ಹೂ ಅರಳುವುದೇ ಸಂಜೆ. ಆಗ ಚಪ್ಪರಕ್ಕೆ ಹೊಡೆದರೆ ಕಾಯಿ ಕಚ್ಚಿಸುವ ಕೀಟಗಳೇ ಸಾಯುತ್ತವೆ. ಯಾವ ವಿಷ, ಎಷ್ಟು ಅಳತೆ ಅನ್ನುವುದನ್ನು ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ ಮಾಡಿ. ಜೋಳ ಬೇರೆಯವರದ್ದಾದರೆ ಅವರನ್ನೂ ಕೇಳಿ, ಆ ಸಾಲಿನ ಮೇವನ್ನು ದನಕ್ಕೆ ಹಾಕಬಾರದು. ರೇಷ್ಮೆಯವರಿಗೂ ತಿಳಿಸಿ.

ಎಲ್ಲಕ್ಕಿಂತ ಮುಖ್ಯ ಇನ್ನೊಂದಿದೆ. ಹುಳ ಹಿಡಿದ ಕಾಯನ್ನು ಏನು ಮಾಡುತ್ತಿದ್ದೀರಿ? ಬದುವಿಗೆ, ತಿಪ್ಪೆಗೆ ಎಸೆಯುತ್ತಿದ್ದರೆ ನಾವೇ ನೊಣ ಸಾಕಿದ ಹಾಗೆ. ಮಗಳು ಎಣಿಸಿದ 43 ಹುಳ, ಹೆಚ್ಚು ಕಡಿಮೆ 43 ನೊಣ. ಬಾಗಿದ ಕಾಯಿ, ಅಂಟು ಹನಿ ಇರುವ ಕಾಯಿ, ನೆಲಕ್ಕೆ ಉದುರಿದ ಕಾಯಿ, ಒಂದನ್ನೂ ಬಿಡದೆ ದಿನ ಬಿಟ್ಟು ದಿನ ಆರಿಸಿ ಎರಡು ಅಡಿ ಆಳದ ಗುಂಡಿಯಲ್ಲಿ ಹಾಕಿ ಮಣ್ಣು ತುಳಿದು ಮುಚ್ಚಿ. ಮೇಲೆ ಮೇಲೆ ಮುಚ್ಚಿದರೆ ಪ್ರಯೋಜನವಿಲ್ಲ, ಅದು ಎದ್ದು ಬರುತ್ತದೆ. ಮಳೆ ಬಿಟ್ಟು ಹದ ಸಿಕ್ಕಾಗ ಬಳ್ಳಿ ಬುಡದ ಸುತ್ತ ಮಣ್ಣನ್ನು ಮೂರು ನಾಲ್ಕು ಇಂಚು ಕೆದಕಿ ತಿರುವಿ. ಕೋಶಗಳು ಮೇಲೆ ಬಿದ್ದರೆ ಇರುವೆ, ಕೋಳಿ, ಗೊರವಂಕ ತಿಂದುಹೋಗುತ್ತವೆ.

ಪೂರ್ತಿ ಇಲ್ಲದ ಹಾಗೆ ಮಾಡಬಹುದಾ ಅಂತ ನಿಮ್ಮ ಮನೆಯವರು ಕೇಳಿದ್ದಾರೆ. ಜಪಾನಿನ ಓಕಿನಾವಾ ದ್ವೀಪಗಳಲ್ಲಿ ಮಾಡಿದ್ದಾರೆ, ಇದೇ ನೊಣವನ್ನು. ಕಾರ್ಖಾನೆಯ ಹಾಗೆ ನೊಣ ಸಾಕಿ, ಅವಕ್ಕೆ ವಿಕಿರಣ ಹಾಯಿಸಿ ಬಂಜೆ ಮಾಡಿ ಬಿಟ್ಟರು. 1972ರಲ್ಲಿ ಶುರುವಾದ ಕೆಲಸ 1993ಕ್ಕೆ ಮುಗಿಯಿತು. ಅಲ್ಲಿ ಸುತ್ತ ಸಮುದ್ರ ಇತ್ತು, ಹೊರಗಿನಿಂದ ನೊಣ ಬರಲು ದಾರಿ ಕಡಿಮೆ. ನಮ್ಮಲ್ಲಿ ಬೇಲಿಯ ಕಾಡು ತೊಂಡೆಯಲ್ಲೂ ಇದು ಬದುಕುತ್ತದೆ. ನಾವು ಕಡಿಮೆ ಮಾಡಬಹುದು ಅಷ್ಟೇ. ಅಕ್ಕಪಕ್ಕದ ಹೊಲದವರೂ ಕಾಯಿ ಹೂತರೆ ಚೆನ್ನಾಗಿಯೇ ಕಡಿಮೆಯಾಗುತ್ತದೆ.

ಡಬ್ಬಿಯಲ್ಲಿ ನೊಣದ ಬದಲು ಸಪೂರ ನಡುವಿನ ಸಣ್ಣ ಕಣಜ ಬಂದರೆ ಗಾಬರಿಯಾಗಬೇಡಿ. ಅದು ಹುಳದೊಳಗೆ ಮೊಟ್ಟೆ ಇಟ್ಟು ಹುಳವನ್ನೇ ತಿನ್ನುವ ಜಾತಿ, ನಮ್ಮ ಸ್ನೇಹಿತ. 1916ರಲ್ಲಿ ಹವಾಯಿಯವರು ಇಂಥ ಒಂದು ಕಣಜವನ್ನು ಭಾರತದಿಂದಲೇ ಒಯ್ದು ತಮ್ಮ ಹೊಲಗಳಲ್ಲಿ ಬಿಟ್ಟಿದ್ದರು.

ಕರಿಮಣ್ಣು, ಗದಗ

ಕಾಯಿ ಹೂಳುವ ವಿಷಯ ನೂರಕ್ಕೆ ನೂರು ನಿಜ. ನಾನು ಎರಡು ವರ್ಷ ಬರೀ ಬಲೆ ಕಟ್ಟಿ ಸುಮ್ನೆ ಕೂತಿದ್ದೆ. ಮೂರನೇ ವರ್ಷ ಗುಂಡಿ ತೋಡಿದ ಮೇಲೆ ವ್ಯತ್ಯಾಸ ಕಂಡಿತು. ಮನೆ ಮುಂದಿನ ನಾಲ್ಕು ಹಾಗಲ ಬಳ್ಳಿಗೆ ನಮ್ಮ ತಾಯಿ ಬೆರಳುದ್ದದ ಕಾಯಿಗೇ ಪೇಪರ್ ಚೀಲ ಕಟ್ಟುತ್ತಾರೆ. ಒಂದಕ್ಕೂ ಹುಳ ಬೀಳುವುದಿಲ್ಲ. ಹೊಲಕ್ಕೆಲ್ಲ ಅದು ಆಗದ ಮಾತು, ಬೀಜಕ್ಕೆ ಬಿಡುವ ಕಾಯಿಗಾದರೂ ಕಟ್ಟಿ.

ಹೀರೆಬಳ್ಳಿ, ಸವಣೂರು ತಾಲೂಕು

ಹದಿನೈದು ದಿನದ ಮೇಲೆ ಬರೆಯುತ್ತಿದ್ದೇನೆ.

ನಾವು ಕೆಟ್ಟ ಕಾಯನ್ನು ಬದುವಿನ ಬೇಲಿ ಮೇಲೇ ಎಸೆಯುತ್ತಿದ್ದೆವು. ನೀವು ಕೇಳಿದ ದಿನವೇ ಹೋಗಿ ಆ ಜಾಗದ ಮಣ್ಣು ಕೆದಕಿದೆ. ಒಂದು ಹಿಡಿ ಮಣ್ಣಲ್ಲಿ ಹದಿನೆಂಟು ಕೋಶ ಸಿಕ್ಕವು. ಅದನ್ನು ಕೈಯಲ್ಲಿ ಹಿಡಿದು ನಿಂತಾಗ ನನಗೆ ಅಳುವೇ ಬಂತು. ಇಷ್ಟು ದಿನ ಎಲ್ಲಿಂದ ಬರುತ್ತದೋ ಅಂತ ಆಕಾಶ ನೋಡುತ್ತಿದ್ದೆವು. ಬೇಲಿ ಉದ್ದಕ್ಕೂ ಕೆದಕಿ ಅಡ್ಡಾಡಲು ಕೋಳಿ ಬಿಟ್ಟೆವು. ಚಪ್ಪರದ ತುದಿಯಲ್ಲಿ ಗುಂಡಿ ತೋಡಿದೆವು. ಎಮ್ಮೆಗೆ ಹಾಕುವ ಕಾಯನ್ನೂ ಗ್ವಾದಲಿಯಲ್ಲಿ ಉಳಿಯದ ಹಾಗೆ ಅತ್ತೆ ನೋಡಿಕೊಳ್ಳುತ್ತಿದ್ದಾರೆ.

ಹನುಮನಮಟ್ಟಿಗೆ ಹೋಗಿ ಕೇಳಿ ಬಂದೆವು. ಕ್ಯೂ ಲೂರ್ ಬಲೆ ಎಂಟು ಕಟ್ಟಿದೆವು. ಜೋಳದ ಸಾಲಿಗೆ ಬೆಲ್ಲದ ನೀರು ಅವರು ಹೇಳಿದ ಅಳತೆಯಲ್ಲೇ, ಗಾಳಿ ಇಲ್ಲದ ದಿನ, ಪಕ್ಕದ ರೇಷ್ಮೆಯವರನ್ನು ಕರೆದು ನಿಲ್ಲಿಸಿಕೊಂಡೇ ಹಾಕಿದೆವು. ಮೊದಲು ಹೊಡೆದ ಆ ಎರಡು ಸಲ ಬಿಟ್ಟರೆ ಹೀರೆಗೆ ಇದುವರೆಗೆ ಒಂದು ಹನಿ ಔಷಧ ಬಿದ್ದಿಲ್ಲ.

ಡಬ್ಬಿ ವಿಷಯ. ಎರಡನೇ ದಿನಕ್ಕೆ ಹುಳ ಎಲ್ಲ ಮರಳಿಗೆ ಇಳಿದವು. ಹನ್ನೊಂದನೇ ದಿನ ಬೆಳಗ್ಗೆ ಮೊದಲ ನೊಣ. ಒಂದು ದಿನ ಬಿಟ್ಟು ಅಕ್ಕಸಾಲಿಗರ ಗಾಜಿನಲ್ಲಿ ನೋಡಿದೆ. ಮೈ ಇಟ್ಟಿಗೆ ಕೆಂಪು. ಬೆನ್ನ ಮೇಲೆ ಎರಡು ಬದಿಗೆ ಹಳದಿ ಪಟ್ಟಿ, ಮಧ್ಯೆ ಇನ್ನೊಂದು, ಒಟ್ಟು ಮೂರು. ರೆಕ್ಕೆಯ ಮುಂದಿನ ಅಂಚಿಗೆ ದಪ್ಪ ಕಂದು ಪಟ್ಟಿ, ತುದಿಯಲ್ಲಿ ಅದು ದೊಡ್ಡ ಮಚ್ಚೆಯಾಗಿದೆ. ರೆಕ್ಕೆಯ ಹಿಂಭಾಗಕ್ಕೆ ಅಡ್ಡಡ್ಡ ಇನ್ನೊಂದು ಕಂದು ಗುರುತು. ಇದು ಸರಿನಾ?

ಹುಳದ ಹಿಂದೆ, ಧಾರವಾಡ

ಸರಿ, ನೂರಕ್ಕೆ ನೂರು ಅದೇ. ಮೂರು ಹಳದಿ ಪಟ್ಟಿ, ರೆಕ್ಕೆ ತುದಿಯ ಮಚ್ಚೆ, ಜೊತೆಗೆ ಆ ಅಡ್ಡ ಗುರುತು. ಇದರ ಹತ್ತಿರದ ಸಂಬಂಧಿ ಟಾವ್ ಎಂಬ ನೊಣಕ್ಕೂ ಮೂರು ಪಟ್ಟಿ ಇರುತ್ತದೆ, ಆದರೆ ರೆಕ್ಕೆಯ ಅಡ್ಡ ಗುರುತು ಇರುವುದಿಲ್ಲ. ಬಳ್ಳಿ ತರಕಾರಿಗೇ ಬರುವ ಇನ್ನೊಂದು ಸಣ್ಣ ನೊಣ ಸಿಲಿಯೇಟಸ್, ಅದಕ್ಕೆ ಬೆನ್ನ ಮೇಲೆ ಹಳದಿ ಪಟ್ಟಿಯೇ ಇಲ್ಲ. ನೀವು ನೋಡಿದ್ದು ಜ್ಯೂಗೋಡೇಕಸ್ ಕುಕರ್ಬಿಟೇ. ಈಗ ಕೊಯ್ಲು ಹೇಗಿದೆ?

ಹೀರೆಬಳ್ಳಿ, ಸವಣೂರು ತಾಲೂಕು

ಕೊಯ್ಲು ಸುಧಾರಿಸುತ್ತಿದೆ. ಮೊದಲು ಐದು ಬುಟ್ಟಿ ಕೊಯ್ದರೆ ಎರಡು ಬುಟ್ಟಿ ಗುಂಡಿಗೆ ಹೋಗುತ್ತಿತ್ತು. ನಿನ್ನೆ ಐದಕ್ಕೆ ಅರ್ಧ ಬುಟ್ಟಿ. ಪೂರ್ತಿ ನಿಂತಿಲ್ಲ, ಮಳೆ ಜಿಟಿಜಿಟಿ ಹಿಡಿದ ದಿನ ಮತ್ತೆ ಅಂಟು ಹನಿ ಕಾಣುತ್ತದೆ. ಜೋಳ ಮುರಿದ ಮೇಲೆ ನೊಣ ಎಲ್ಲಿ ಕೂರುತ್ತದೆ ಅನ್ನುವುದು ಈಗಿನ ಚಿಂತೆ. ಚಪ್ಪರದ ಮಗ್ಗುಲಿಗೆ ಎರಡು ಸಾಲು ಜೋಳ ನಾವೇ ತಡವಾಗಿ ಬಿತ್ತಿದ್ದೇವೆ.

ಡಬ್ಬಿಯಿಂದ ಒಟ್ಟು 31 ನೊಣ ಬಂದವು. ಅವನ್ನು ಸಾಬೂನು ನೀರಿಗೆ ಹಾಕಿದೆ. ನಿನ್ನೆ ಸಂಜೆ ಡಬ್ಬಿ ತೊಳೆಯಲು ತೆಗೆದಾಗ ಬಟ್ಟೆಯ ಅಂಚಿನಲ್ಲಿ ಇನ್ನೆರಡು ಕೂತಿದ್ದವು. ಸಪೂರ ನಡು, ಉದ್ದ ಮೀಸೆ, ಇರುವೆಗೆ ರೆಕ್ಕೆ ಬಂದ ಹಾಗೆ. ನೀವು ಹೇಳಿದ ಕಣಜ ಇದೇ ಇರಬೇಕು. ಮಗಳು ಡಬ್ಬಿಯನ್ನು ಚಪ್ಪರದ ಕೆಳಗೆ ಒಯ್ದು ಬಟ್ಟೆ ಬಿಚ್ಚಿದಳು. ಹೀರೆ ಹೂ ಆಗಷ್ಟೇ ಅರಳುತ್ತಿತ್ತು. ಒಂದು ತಕ್ಷಣ ಹಾರಿತು, ಇನ್ನೊಂದು ಎಲೆಯ ಮೇಲೆ ತುಂಬ ಹೊತ್ತು ಕೂತಿತ್ತು.